ಬೆಲ್ಜಿಯಂನ ‘ಬುಲ್‌ಹೆಡ್’ ಸಿನಿಮಾದಲ್ಲಿ ದನಕ್ಕೂ ಪೊಲೀಸ್ ಕೊಲೆಗೂ ಏನು ಸಂಬಂಧ?
ಸಿನಿಮಾ ನೋಡಿದರೂ ಈ ಸಂಬಂಧ ತಿಳಿಯಲಿಲ್ಲ, ಗ್ಯಾರೇಜಿನ ಇಬ್ಬರು ಯಾರ ಕಡೆಯವರು ಅಂತಲೂ ಗೊಂದಲ ಅಂದಿರಿ. ನಿಮಗೆ ಕಥೆಯ ಹಿನ್ನೆಲೆ ಗೊತ್ತಿಲ್ಲದ್ದೇ ತೊಡಕಾಗಿರಬೇಕು. ದನ ಬೇಗ ಮೈ ತುಂಬಿಕೊಳ್ಳಲಿ ಅಂತ ಹಾರ್ಮೋನ್ ಚುಚ್ಚುವುದು ಯುರೋಪಿನಲ್ಲಿ ನಿಷೇಧ. ಆದರೂ ಬೆಲ್ಜಿಯಂನಲ್ಲಿ ಕಳ್ಳದಂಧೆ ಜೋರಾಗಿತ್ತು. ಅದರ ಬೆನ್ನು ಹತ್ತಿದ್ದ ಪಶುವೈದ್ಯ ಇನ್ಸ್‌ಪೆಕ್ಟರ್ ಕಾರೆಲ್ ಫಾನ್ ನೊಪ್ಪೆನ್ ಅವರನ್ನು 1995ರಲ್ಲಿ ಗುಂಡಿಟ್ಟು ಕೊಂದರು. 2011ರ ಈ ಸಿನಿಮಾಕ್ಕೆ, ಅದರಲ್ಲಿನ ಪೊಲೀಸ್ ಕೊಲೆಗೆ ಪ್ರೇರಣೆ ಅದೇ.

ಮತ್ತೆ ನೋಡುವಾಗ ಮೊದಲು ಡಬ್ಬಿಂಗ್ ಬಿಟ್ಟು ಮೂಲ ಧ್ವನಿ ಹಾಕಿ. ಯಾರು ಫ್ಲೆಮಿಶ್ (ಬೆಲ್ಜಿಯಂನ ಡಚ್ ಮಾತಾಡುವ) ಕಡೆಯವರು, ಯಾರು ಫ್ರೆಂಚ್ ಮಾತಾಡುವ ಕಡೆಯವರು ಅಂತ ಕಿವಿಗೇ ಗೊತ್ತಾಗುತ್ತದೆ. ಬರೀ ಸಬ್‌ಟೈಟಲ್ ಓದಿದರೆ ಎಲ್ಲರೂ ಒಂದೇ ಥರ ಕಾಣ್ತಾರೆ, ಅಲ್ವಾ? ಗ್ಯಾರೇಜಿನ ಇಬ್ಬರ ಗೊಂದಲ ಅಲ್ಲೇ ಮುಗಿಯಬಹುದು.

ಆಮೇಲೆ ಶುರುವಿನಿಂದ ಕಥಾನಾಯಕ ಜ್ಯಾಕಿಯ ಬಾಲ್ಯದ ಫ್ಲ್ಯಾಷ್‌ಬ್ಯಾಕ್ ತನಕ ಮತ್ತೊಮ್ಮೆ ನೋಡಿ. ಅವನು ತನಗೇ ಸೂಜಿ ಚುಚ್ಚಿಕೊಳ್ಳುವುದು ಯಾಕೆ ಅಂತ ಅಲ್ಲಿ ತಿಳಿಯುತ್ತದೆ. ಇಡೀ ಸಿನಿಮಾದ ಜೀವ ಅಲ್ಲಿದೆ. ದೃಶ್ಯ ತುಂಬಾ ಕ್ರೂರ, ಮಕ್ಕಳು ಹತ್ತಿರ ಇರುವಾಗ ಬೇಡ.