ಏರ್‌ಸಾಫ್ಟ್‌ಗೆ ಅಗ್ಗದಲ್ಲಿ ಲೀ-ಎನ್‌ಫೀಲ್ಡ್ ಮಾಡಬೇಕಾ? ಮೊದಲು ಮರ ಕೊಳ್ಳಬೇಡಿ

ಏರ್‌ಸಾಫ್ಟ್ ಅಂದರೆ ಪ್ಲಾಸ್ಟಿಕ್ ಗುಂಡು ಹಾರಿಸೋ ನಕಲಿ ಬಂದೂಕು ಹಿಡಿದು ಆಡೋ ಅಣಕು ಯುದ್ಧ. ಲೀ-ಎನ್‌ಫೀಲ್ಡ್ ಬ್ರಿಟಿಷ್ ಸೇನೆಯ ಹಳೆ ರೈಫಲ್. ನೀವು ಇಂಗ್ಲೆಂಡಿನಲ್ಲಿದ್ದೀರಿ. ಎರಡನೇ ಮಹಾಯುದ್ಧದ ಏರ್‌ಸಾಫ್ಟ್ ಆಟದಲ್ಲಿ ಭಾರತೀಯ ಸಿಪಾಯಿಯ ವೇಷ ಹಾಕಬೇಕು. ಕೈಯಲ್ಲಿ 150 ಪೌಂಡ್ ಇದೆ. ಅಸಲಿ ಲೀ-ಎನ್‌ಫೀಲ್ಡಿನ ಹಳೆ ಮರದ ಸೆಟ್ ಅಗ್ಗಕ್ಕೆ ಸಿಗ್ತಿದೆ, ಅದರೊಳಗೆ ಸ್ಪ್ರಿಂಗ್ ರೈಫಲ್ ಕೂರಿಸಿದರೆ ಆಯ್ತಲ್ವಾ ಅಂತ ಕೇಳಿದ್ದೀರಿ. ಆರು ವರ್ಷದ ಹಿಂದೆ ನಾನು ಇದೇ ಲೆಕ್ಕ ಹಾಕಿದ್ದೆ. ಆ ಮರ ಕೊಳ್ಳಬೇಡಿ.

ನನ್ನೂರು ಬೆಳಗಾವಿ. ಮರಾಠಾ ಲೈಟ್ ಇನ್‌ಫಂಟ್ರಿಯ ಕೇಂದ್ರ ಇರೋ ಊರು. ಕಾಲೇಜಿನಲ್ಲಿ ಎನ್‌ಸಿಸಿ ಸೇರಿದಾಗ ಡ್ರಿಲ್‌ಗೆ ಕೊಟ್ಟಿದ್ದು ತ್ರೀ ನಾಟ್ ತ್ರೀ, ಅಂದರೆ ಇದೇ ಲೀ-ಎನ್‌ಫೀಲ್ಡ್. ನಾಲ್ಕು ಕೆಜಿ ತೂಕ. ಬೆಳಗಿನ ಚಳಿಯಲ್ಲಿ ಅದರ ಹಿತ್ತಾಳೆ ಬಟ್‌ಪ್ಲೇಟ್ (ಭುಜಕ್ಕೆ ಒತ್ತೋ ಹಿಂಭಾಗ, ಅಂದರೆ ಬಟ್‌ನ ತುದಿಯ ತಗಡು) ಅಂಗೈಗೆ ತಣ್ಣಗೆ ತಾಗುತ್ತಿದ್ದದ್ದು ಇವತ್ತಿಗೂ ನೆನಪಿದೆ. ಆ ರೆಜಿಮೆಂಟಿನವರು ಇಟಲಿಯಲ್ಲಿ ಹೋರಾಡಿದ್ದರು. 1944ರ ಜುಲೈ 10ರಂದು ಟೈಬರ್ ಕಣಿವೆಯಲ್ಲಿ ಸತ್ತ ನಾಯಕ್ ಯಶವಂತ ಘಾಡ್ಗೆಯವರಿಗೆ ವಿಕ್ಟೋರಿಯಾ ಕ್ರಾಸ್ ಬಂತು. ಇಂಗ್ಲೆಂಡಿನ ಆಟಕ್ಕೆ ಮೊದಲ ಸಲ ಹೋದಾಗ ಬ್ರಿಟಿಷ್, ಅಮೆರಿಕನ್, ಜರ್ಮನ್ ವೇಷದವರೆಲ್ಲ ಇದ್ದರು. ನಮ್ಮವರ ವೇಷ ಒಂದೂ ಇರಲಿಲ್ಲ. ಅವತ್ತೇ ಮನಸ್ಸು ಮಾಡಿದೆ.

ಒಂದು ತಿದ್ದುಪಡಿ ಮೊದಲೇ ಹೇಳಿಬಿಡ್ತೀನಿ. ಲೀ-ಎನ್‌ಫೀಲ್ಡಿನಲ್ಲಿ ಹಳೆ ಮಾದರಿ ನಂ.1, ಆಮೇಲಿನದು ನಂ.4. ನೀವು ನೋಡಿರೋದು ನಂ.4ರ ಮರ. ಬ್ರಿಟನ್ ಯುದ್ಧದ ಹೊತ್ತಿಗೆ ನಂ.4ಕ್ಕೆ ಬದಲಾಯಿತು, ಆದರೆ ಬಂಗಾಳದ ಇಷಾಪುರ ಕಾರ್ಖಾನೆ ಯುದ್ಧದುದ್ದಕ್ಕೂ ಹಳೆ ನಂ.1 ಮಾರ್ಕ್ 3 ಮಾದರಿಯನ್ನೇ ಮಾಡುತ್ತಿತ್ತು. ಭಾರತೀಯ ಸಿಪಾಯಿ ಆಗಬೇಕಾದರೆ ನಂ.1 ನೋಡಿ. ಮೂತಿಯ ಹತ್ತಿರ ಮೊಂಡಾದ ಕಬ್ಬಿಣದ ಟೋಪಿ ಇರುತ್ತಲ್ಲ, ಅದೇ ಗುರುತು.

ಈಗ ನನ್ನ ತಪ್ಪಿನ ಕಥೆ. ಸ್ವಲ್ಪ ಉದ್ದ ಆಗುತ್ತೆ, ಯಾಕಂದ್ರೆ ನೀವು ಕಾಲಿಡ್ತಿರೋದು ಅಲ್ಲೇ.

ನಂ.1ರ ಮರದ ಸೆಟ್ 70 ಪೌಂಡಿಗೆ ಸಿಕ್ಕಿತು. ಅಕ್ರೋಟ್ ಮರ, ಬಟ್ ಮೇಲೆ ಹಳೆ ಮುದ್ರೆಗಳು, ಜೊತೆಗೆ ಮೂತಿಯ ಟೋಪಿ. ಬಿಚ್ಚಿದ ತಕ್ಷಣ ಎಣ್ಣೆ ವಾಸನೆ ಮನೆ ತುಂಬಿತು. ಆಮೇಲೆ ಜಪಾನಿನ ಟೋಕಿಯೋ ಮಾರುಯಿ ಕಂಪನಿಯ ವಿಎಸ್‌ಆರ್-10 ಅನ್ನೋ ಸ್ಪ್ರಿಂಗ್ ಏರ್‌ಸಾಫ್ಟ್ ರೈಫಲ್ಲಿನ ಒಂದು ಅಗ್ಗದ ನಕಲನ್ನು 90 ಪೌಂಡಿಗೆ ತಂದೆ. ಅಂದರೆ ಬಟ್ಟೆ ಮೊದಲು ಹೊಲಿಸಿ, ಅದಕ್ಕೆ ತಕ್ಕ ಆಳನ್ನು ಆಮೇಲೆ ಹುಡುಕಿದ ಹಾಗೆ.

ವಿಎಸ್‌ಆರ್‌ನಲ್ಲಿ ಪಿಸ್ಟನ್, ಸ್ಪ್ರಿಂಗ್, ಸಿಲಿಂಡರ್ ಎಲ್ಲ ಒಂದೇ ಉದ್ದ ಟ್ಯೂಬಿನೊಳಗೆ ಇರುತ್ತೆ. ಟ್ರಿಗರ್ ಪೆಟ್ಟಿಗೆ ಅದರ ಕೆಳಗೆ ನೇತಾಡುತ್ತೆ. ಈ ಟ್ಯೂಬನ್ನು ಮರಕ್ಕೆ ಹಿಡಿಯೋದು ಎರಡು ಸ್ಕ್ರೂ: ಒಂದು ಮುಂದೆ, ಇನ್ನೊಂದು ಟ್ರಿಗರ್ ಹಿಂದೆ. ಇಡೀ ಯಂತ್ರ ಒಂದೇ ತುಂಡು ಮರದಲ್ಲಿ ಕೂರಲಿ ಅಂತಲೇ ಮಾಡಿರೋದು.

ಲೀ-ಎನ್‌ಫೀಲ್ಡಿನ ಮರ ಒಂದೇ ತುಂಡಲ್ಲ. ಮುಂದಿನ ಮರ ಬೇರೆ, ಬಟ್ ಬೇರೆ. ನಡುವೆ ರಿಸೀವರಿನದ್ದೇ (ಯಂತ್ರ ಕೂರೋ ಉಕ್ಕಿನ ನಡುಭಾಗದ್ದೇ) ಉಕ್ಕಿನ ಸಾಕೆಟ್ ಇದೆ. ಬಟ್‌ಪ್ಲೇಟಿನ ಪುಟ್ಟ ಬಾಗಿಲು ತೆಗೆದರೆ ಎಣ್ಣೆ ಬಾಟಲಿ ಇಡೋ ತೂತು ಕಾಣುತ್ತಲ್ಲ, ಅದರಾಚೆ ಒಂದು ಉದ್ದ ಬೋಲ್ಟ್ ಬಟ್‌ನೊಳಗಿಂದ ಹಾದು ಆ ಸಾಕೆಟ್ಟಿಗೆ ಬಿಗಿಯುತ್ತೆ. ಕುತ್ತಿಗೆಯ ಜಾಗದಲ್ಲಿ ಭಾರ ಹೊರೋದು ಉಕ್ಕು. ಅಸಲಿ ರೈಫಲ್ ಗಟ್ಟಿ ಇರೋದೇ ಅದರಿಂದ.

ನನ್ನ ಟ್ಯೂಬಿಗೆ ಆ ಸಾಕೆಟ್ ಎಲ್ಲಿಂದ ಬರಬೇಕು? ಹಿಂದಿನ ಸ್ಕ್ರೂ ಬಂದು ನಿಂತಿದ್ದು ಸರಿಯಾಗಿ ಮರವೇ ಇಲ್ಲದ ಆ ಖಾಲಿ ಜಾಗದಲ್ಲಿ. ಅವತ್ತೇ ನಿಲ್ಲಿಸಬೇಕಿತ್ತು. ಅಲ್ಯೂಮಿನಿಯಂ ತುಂಡೊಂದನ್ನು ಅರದಲ್ಲಿ ಉಜ್ಜಿ ಸಾಕೆಟ್ ಆಕಾರ ಕೊಟ್ಟೆ. ಎರಡೂ ಕಡೆ ಎಪಾಕ್ಸಿ ಅಂಟು ಹಚ್ಚಿ, ಒಳಗೆ ಎರಡು ಉಕ್ಕಿನ ಕಡ್ಡಿ ಇಟ್ಟು, ಮುಂದಿನ ಮರ ಮತ್ತು ಬಟ್ ಅಂಟಿಸಿದೆ. ಟ್ಯೂಬ್ ದಪ್ಪ ಇದ್ದದ್ದರಿಂದ ಮುಂದಿನ ಮರದ ಒಳಗನ್ನು ಉಳಿಯಲ್ಲಿ ಕೆತ್ತುತ್ತಾ ಹೋದೆ. ಪಕ್ಕದ ಗೋಡೆ ಬಿಸ್ಕತ್ತಿನಷ್ಟು ತೆಳ್ಳಗಾಯ್ತು. ಎಪಾಕ್ಸಿ, ಅಲ್ಯೂಮಿನಿಯಂ, ಸ್ಕ್ರೂ, ಉಳಿ ಸೇರಿ ಮತ್ತೆ 45 ಪೌಂಡ್. ಒಟ್ಟು 205. ನಿಮ್ಮ 150 ಆಗಲೇ ದಾಟಿತು ನೋಡಿ.

ಗೋಡೆಗೆ ಒರಗಿಸಿಟ್ಟರೆ ಎನ್‌ಸಿಸಿ ರೈಫಲ್ಲೇ ಎದ್ದು ಬಂದ ಹಾಗಿತ್ತು. ಆದರೆ ಸ್ಪ್ರಿಂಗ್ ರೈಫಲ್ಲನ್ನು ಪ್ರತಿ ಗುಂಡಿಗೂ ಕೈಯಲ್ಲೇ ಎಳೆಯಬೇಕು. ಎಡಗೈ ಮುಂದಿನ ಮರ ಹಿಡಿದಿರುತ್ತೆ, ಬಟ್ ಭುಜಕ್ಕೆ ಒತ್ತಿರುತ್ತೆ, ಬಲಗೈ ರೈಫಲ್ಲಿನ ಪಕ್ಕದ ಬೋಲ್ಟ್ ಹಿಡಿಯನ್ನು ಜೋರಾಗಿ ಹಿಂದಕ್ಕೆ ಎಳೆಯುತ್ತೆ. ಆ ಎಳೆತವೆಲ್ಲ ನನ್ನ ಅಂಟಿನ ಮೇಲೆ ಬೀಳುತ್ತಿತ್ತು. ಒಂದು ದಿನದ ಆಟದಲ್ಲಿ ಇನ್ನೂರು ಸಲ ಎಳೆದಿರಬಹುದು. ಎರಡನೇ ಆಟದ ಮಧ್ಯಾಹ್ನದಿಂದಲೇ ಗುಂಡುಗಳು ಎಡಕ್ಕೆ ಹೋಗತೊಡಗಿದವು. ಗುಂಡಿಗೆ ಹಿಮ್ಮುಖ ತಿರುಗು ಕೊಡೋ ಹಾಪ್-ಅಪ್ ರಬ್ಬರ್ ಹಾಳಾಗಿದೆ ಅಂದುಕೊಂಡು ಬದಲಾಯಿಸಿದೆ. ರಬ್ಬರಿನದ್ದು ತಪ್ಪಿರಲಿಲ್ಲ. ಜಾಯಿಂಟ್ ಕೂದಲೆಳೆಯಷ್ಟು ಅಲುಗುತ್ತಿತ್ತು, ಮಳೆಯಲ್ಲಿ ಉಬ್ಬಿದ ಮರ ಒಂದು ಪಕ್ಕದಿಂದ ಬ್ಯಾರಲ್ಲನ್ನು ಒತ್ತುತ್ತಿತ್ತು.

ಮೂರನೇ ಆಟದಲ್ಲಿ ಒಂದು ದಿಬ್ಬದ ಹಿಂದೆ ಮೊಣಕೈ ಊರಿ ಮಲಗಿದೆ. ಟಕ್ ಅಂತ ಒಂದು ಸಣ್ಣ ಸದ್ದು, ಅಷ್ಟೇ. ಬಟ್ ನನ್ನ ಭುಜದ ಹತ್ತಿರ ಇತ್ತು, ಉಳಿದದ್ದು ಕೆಸರಿನಲ್ಲಿ ಬಿದ್ದಿತ್ತು. ಮುರಿದ ಮುಖ ನೋಡಿದೆ. ಎಪಾಕ್ಸಿ ಗಾಜಿನ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಅದರ ಮೇಲೆ ಮರದ ಒಂದು ನಾರೂ ಅಂಟಿರಲಿಲ್ಲ.

ಆ ರಾತ್ರಿ ಊರಿನಲ್ಲಿರೋ ನಮ್ಮ ಕಾಕಾಗೆ ವಿಡಿಯೋ ಕಾಲ್ ಮಾಡಿದೆ. ಅವರು ಬಡಿಗತನ ಮಾಡೋರು. ತುಂಡುಗಳನ್ನು ಕ್ಯಾಮೆರಾ ಮುಂದೆ ಹಿಡಿದೆ. "ಇದು ಎಣ್ಣಿ ಕುಡದ ಕಟ್ಟಿಗಿ ಅದ ತಮ್ಮಾ. ಅಂಟ ಹೆಂಗ ಹಿಡೀತದ?" ಅಂದರು. ಹೌದು, ಆ ಮರಕ್ಕೆ ದಶಕಗಳ ಕಾಲ ಅಗಸೆ ಎಣ್ಣೆ ಉಜ್ಜಿದ್ದರು. ಆಮೇಲೆ ಜಾಯಿಂಟ್ ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಎರಡ ತುಂಡ ಅಂಟಿಸಿ ಯಾರರೆ ಗುದ್ದಲಿ ಕಾವು ಮಾಡ್ತಾರೇನು?"

ಈ ಮಾತು ನನಗೆ ಮೊದಲೇ ಸಿಕ್ಕಿದ್ದರೆ ಒಂದು ಒಳ್ಳೆಯ ಹಳೆ ಮರ ಉಳಿಯುತ್ತಿತ್ತು. ದುಡ್ಡು ಹೋಗಿದ್ದಕ್ಕಿಂತ ಅದೇ ಜಾಸ್ತಿ ನೋವು. ಆ ಮರವನ್ನು ಯಾವನೋ ಸಿಪಾಯಿ ಹೆಗಲ ಮೇಲೆ ಹೊತ್ತು ನಡೆದಿರಬಹುದು. ಅದು ಅಸಲಿ ರೈಫಲ್ ರಿಪೇರಿ ಮಾಡೋರ ಕೈಗೆ ಹೋಗಬೇಕಿತ್ತು.

ಎರಡನೇ ಸಲ ಕಾಕಾ ಹೇಳಿದ ಹಾಗೆ ಒಂದೇ ಹಲಗೆಯಲ್ಲಿ ಮಾಡಿದೆ. 1200 ಮಿಮೀ ಉದ್ದ, 150 ಅಗಲ, 50 ದಪ್ಪದ ಬೀಚ್ ಅನ್ನೋ ಗಟ್ಟಿ ಮರದ ಹಲಗೆ, 35 ಪೌಂಡ್. ನಂ.1ರ ಒಟ್ಟು ಉದ್ದ 1130 ಮಿಮೀ, ಹಾಗಾಗಿ ಸಾಕಾಗುತ್ತೆ. ಬಟ್ಟಿನಿಂದ ಮೂತಿಯವರೆಗೆ ಮರ ಎಲ್ಲೂ ತುಂಡಾಗಿಲ್ಲ. ಸಾಕೆಟ್ ಇರಬೇಕಾದ ಜಾಗದಲ್ಲಿ ಒಂದೂವರೆ ಮಿಮೀ ಆಳ ಕೆತ್ತಿ, ತೆಳು ಉಕ್ಕಿನ ಹಾಳೆ ಸುತ್ತಿ, ಕಪ್ಪು ಬಣ್ಣ ಹೊಡೆದೆ. ಎರಡು ಹೆಜ್ಜೆ ದೂರದಿಂದ ಎರಡು ತುಂಡಿನ ಮರವೇ ಅನಿಸುತ್ತೆ. ಹತ್ತು ಗುಂಡಿನ ಮ್ಯಾಗಜೀನ್ ಬರೀ ಖಾಲಿ ಪೆಟ್ಟಿಗೆ. ವಿಎಸ್‌ಆರ್‌ನ ನಿಜವಾದ ಮ್ಯಾಗಜೀನ್ ಟ್ರಿಗರಿನಿಂದ ಸಾಕಷ್ಟು ಮುಂದೆ ಕೂರೋದರಿಂದ ಅದಕ್ಕೆ ಮುಂದಿನ ಮರದ ಹೊಟ್ಟೆಯಲ್ಲಿ ಬೇರೆ ಕಿಂಡಿ ಮಾಡಿದೆ. ಮೂತಿಯ ಟೋಪಿ ಹಳೆ ಸೆಟ್ಟಿನದ್ದೇ. ಹಾಳೆ, ಎಣ್ಣೆ, ಪಟ್ಟಿ, ಚಿಲ್ಲರೆ ಸೇರಿ ಇನ್ನೊಂದು 40. ಎರಡೂ ಪ್ರಯತ್ನ ಸೇರಿ ಒಟ್ಟು 280 ಪೌಂಡ್, ನಾಲ್ಕು ತಿಂಗಳ ಶನಿವಾರಗಳು.

ಬ್ಯಾರಲ್ ವಿಷಯದಲ್ಲಿ ಒಂದು ಮಾತು. ಟ್ಯೂಬನ್ನು ಎರಡು ಸ್ಕ್ರೂ ಹಿಡಿದಿರಲಿ, ಮರ ಬ್ಯಾರಲ್ಲಿಗೆ ತಾಗಬಾರದು. ಒಂದು ಕಾಗದದ ಪಟ್ಟಿ ನಡುವೆ ಹಾಕಿ ಮೂತಿಯಿಂದ ಹಿಂದಿನವರೆಗೆ ಎಳೆಯಿರಿ, ಎಲ್ಲಿ ಸಿಕ್ಕಿಕೊಳ್ಳುತ್ತೋ ಅಲ್ಲಿ ಕೆತ್ತಿ. ನನ್ನದರ ಒಳ ಬ್ಯಾರಲ್ 430 ಮಿಮೀ. ನಂ.1ರ ಬ್ಯಾರಲ್ ಸುಮಾರು 640. ಉಳಿದ ದಾರಿಯಲ್ಲಿ ಹೊರ ಕೊಳವೆ ಅಗಲ ಇರಲಿ, ಇಲ್ಲದಿದ್ದರೆ ತಿರುಗುತ್ತಾ ಹೋಗೋ ಗುಂಡು ಗೋಡೆಗೆ ತಾಗಿ ದಿಕ್ಕು ತಪ್ಪುತ್ತೆ.

ಇನ್ನು ಕಾನೂನು. "ಹಳೆ ಕಾಲದ ರೈಫಲ್ ತಾನೇ, ತೊಂದರೆ ಇಲ್ಲ" ಅಂತ ಬರೆದಿದ್ದೀರಿ. ಇದು ತಪ್ಪು, ದಯವಿಟ್ಟು ಇದನ್ನು ನಂಬಿ ಕೆಲಸ ಶುರು ಮಾಡಬೇಡಿ. ಬ್ರಿಟನ್ನಿನ 2006ರ ವಯಲೆಂಟ್ ಕ್ರೈಮ್ ರಿಡಕ್ಷನ್ ಕಾಯ್ದೆ ನಕಲಿ ಬಂದೂಕಿಗೆ ಕೊಡೋ ವಿನಾಯಿತಿ 1870ಕ್ಕಿಂತ ಹಿಂದಿನ ವಿನ್ಯಾಸಗಳಿಗೆ. ನಂ.1 ಮಾರ್ಕ್ 3 ಬಂದಿದ್ದು 1907ರಲ್ಲಿ. ಕಾಯ್ದೆಯ ಕಣ್ಣಿಗೆ ಅದು ಆಧುನಿಕ ಬಂದೂಕೇ. ಅಸಲಿಯಂತೆ ಕಾಣೋ ನಕಲನ್ನು ಮಾರೋದಷ್ಟೇ ಅಲ್ಲ, ಮನೆಯಲ್ಲಿ ಮಾಡೋದೂ ಅಪರಾಧ. ನಕಲಿ ಅಂತ ಗೊತ್ತಾಗಲಿ ಅಂತ ಕಣ್ಣಿಗೆ ಹೊಡೆಯೋ ಬಣ್ಣ ಬಳಿದ ಎರಡು ಬಣ್ಣದ ರೈಫಲ್ ತಂದು ಅದಕ್ಕೆ ಕಪ್ಪು ಬಳಿಯೋದೂ ಅಷ್ಟೇ. ವಿಮೆ ಇರೋ ಏರ್‌ಸಾಫ್ಟ್ ಆಟಕ್ಕಾಗಿ ಅಂತ ತೋರಿಸಿದರೆ ನಮ್ಮಂಥ ಆಟಗಾರರಿಗೆ ರಕ್ಷಣೆ ಇದೆ. ಅದಕ್ಕೆ ಹೆಚ್ಚಿನವರು ಬಳಸೋದು ಯುಕಾರಾ (ಬ್ರಿಟನ್ನಿನ ಏರ್‌ಸಾಫ್ಟ್ ಮಾರಾಟಗಾರರ ಸಂಘ) ನೋಂದಣಿ. ಅದು ಲೈಸೆನ್ಸ್ ಅಲ್ಲ, ನೀವು ನಿಜವಾದ ಆಟಗಾರ ಅನ್ನೋದಕ್ಕೆ ಆಧಾರ. ಒಂದು ಮೈದಾನದಲ್ಲಿ ಕನಿಷ್ಠ 56 ದಿನಗಳ ಅವಧಿಯಲ್ಲಿ ಮೂರು ಆಟ ಆಡಿರಬೇಕು. ನಾನು ಕೊಂಡ ವಿಎಸ್‌ಆರ್ ನಕಲು ನೀಲಿ ಬಣ್ಣದ್ದಾಗಿತ್ತು. ಮೊದಲ ಮರದೊಳಗೆ ಅದನ್ನು ಕೂರಿಸಿ ಕಪ್ಪು ಬಳಿದಿದ್ದು ನೋಂದಣಿ ಕೈಗೆ ಬಂದ ಮೇಲೆಯೇ, ಅಲ್ಲಿವರೆಗೆ ಬಾಡಿಗೆ ರೈಫಲ್ಲಿನಲ್ಲಿ ಆಡಿದೆ. ನೀವೂ ಹಾಗೇ ಮಾಡಿ.

ಶಕ್ತಿಯ ಮಿತಿಯೂ ಇದೆ. ಒಂದೊಂದೇ ಗುಂಡು ಹಾರಿಸೋ ಏರ್‌ಸಾಫ್ಟಿಗೆ 2.5 ಜೂಲ್. ಬೋಲ್ಟ್ ರೈಫಲ್ಲಿಗೆ ಬಹಳಷ್ಟು ಮೈದಾನಗಳು 0.20 ಗ್ರಾಂ ಗುಂಡಿನಲ್ಲಿ ಸೆಕೆಂಡಿಗೆ 500 ಅಡಿವರೆಗೆ ಬಿಡುತ್ತವೆ, ಅದು ಸುಮಾರು 2.3 ಜೂಲ್. ಗಟ್ಟಿ ಸ್ಪ್ರಿಂಗ್ ಹಾಕೋ ಆಸೆ ಬೇಡ. ಗುಂಡು ಜಾಸ್ತಿ ದೂರ ಹೋಗೋದು ಹಾಪ್-ಅಪ್ ಸರಿ ಇದ್ದರೆ. ಮೈದಾನಕ್ಕೆ ಹೋಗುವಾಗ ಮುಚ್ಚಿದ ಚೀಲದಲ್ಲಿ, ಕಾರಿನ ಡಿಕ್ಕಿಯಲ್ಲಿ ಇಡಿ. ದಾರಿಯಲ್ಲಿ ಪೆಟ್ರೋಲಿಗೆ ನಿಂತಾಗಲೂ ಹೊರಗೆ ತೆಗೆಯಬೇಡಿ.

ಹಾಗಾದರೆ ಏನು ಮಾಡಬೇಕು? ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪಲ್ಲ. ಕೈಯಿಂದ ಮಾಡಿದರೆ ಅಗ್ಗ ಅನ್ನೋದು ಲೀ-ಎನ್‌ಫೀಲ್ಡ್ ವಿಷಯದಲ್ಲಿ ಸುಳ್ಳು. ದುಡ್ಡು ಉಳಿಸೋದೇ ಮುಖ್ಯವಾದರೆ ಕಾದು, ಆರೆಸ್ ಕಂಪನಿಯ ಸ್ಪ್ರಿಂಗ್ ನಂ.1 ಯಾರಾದರೂ ಆಟಗಾರರ ಹತ್ತಿರ ಸೆಕೆಂಡ್ ಹ್ಯಾಂಡ್ ಸಿಗುತ್ತಾ ನೋಡಿ. ಕೈಕೆಲಸದ ಖುಷಿ ಬೇಕು, ರೈಫಲ್ ಯಾವುದಾದರೂ ಸರಿ ಅನ್ನೋದಾದರೆ ಒಂದೇ ತುಂಡು ಮರದ ರಷ್ಯನ್ ಮೋಸಿನ್-ನಾಗಾನ್ ಮಾಡಿ, ಇಲ್ಲವೇ ಜರ್ಮನ್ ಕಾರ್98ಕೆ ಮಾಡಿ. ಎರಡಕ್ಕೂ ವಿಎಸ್‌ಆರ್ ಸಲೀಸಾಗಿ ಒಗ್ಗುತ್ತೆ. ಆದರೆ ನಿಮ್ಮ ಬರಹ ನೋಡಿದರೆ ನಿಮಗೆ ನಮ್ಮವರ ರೈಫಲ್ಲೇ ಬೇಕು ಅನಿಸುತ್ತೆ. ಹಾಗಿದ್ದರೆ ಮೊದಲು ಯಂತ್ರ ಕೊಳ್ಳಿ. ಅದರ ಪ್ಲಾಸ್ಟಿಕ್ ಬಟ್ಟಿನಲ್ಲೇ ಎರಡು ತಿಂಗಳು ಆಡಿ, ಏನೇನು ಕೆಡುತ್ತೋ ಕೆಡಲಿ, ಸರಿ ಮಾಡೋದು ಕಲಿಯಿರಿ. ಆಮೇಲೆ ಹಲಗೆ ತನ್ನಿ.

ಯಾವ ಮರ ಅಂತ ಕೇಳಿದ್ದಿರಿ. ಬೀಚ್. ಪೈನ್ ಮೆತ್ತಗೆ, ಸ್ಕ್ರೂ ಹಿಡಿಯಲ್ಲ. ಗಂಟಿಲ್ಲದ, ನೇರ ಎಳೆ ಇರೋ ಹಲಗೆ ಆರಿಸಿ, ಕುತ್ತಿಗೆಯ ಜಾಗದಲ್ಲಿ ಎಳೆ ಅಡ್ಡ ಬರಬಾರದು. ಮೇಲೆ ವಾರ್ನಿಶ್ ಬೇಡ, ಅಗಸೆ ಎಣ್ಣೆಯನ್ನು ಅಂಗೈಯಲ್ಲಿ ಬಿಸಿ ಆಗೋ ತನಕ ಉಜ್ಜಿ. ವಾರಕ್ಕೊಂದು ಸಲ, ಒಂದು ತಿಂಗಳು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಬುಟ್ಟಿಗೆ ಹಾಕಬೇಡಿ, ತಾನಾಗಿಯೇ ಹೊತ್ತಿಕೊಳ್ಳುತ್ತೆ. ಹೊರಗೆ ಬಿಡಿಸಿ ಒಣಹಾಕಿ.

ಯಂತ್ರ ತಂದ ಮೇಲೆ ಎರಡು ಸ್ಕ್ರೂಗಳ ನಡುವಿನ ಅಂತರ ಅಳೆದು ಇಲ್ಲಿ ಬರೆಯಿರಿ. ನನ್ನದರ ಕಾಗದದ ಅಚ್ಚು ಇನ್ನೂ ಇಟ್ಟಿದ್ದೀನಿ. ಅಳತೆ ಹೊಂದಿದರೆ ಫೋಟೋ ತೆಗೆದು ಹಾಕ್ತೀನಿ.