ಪ್ರಧಾನಿಗಳ ವಿದೇಶ ಪ್ರವಾಸ: ವಿಮಾನ ಏರುವ ಮೊದಲೇ ನಡೆಯುವ ಕೆಲಸ

ಮುಖ್ಯ ದೇಶಗಳಲ್ಲೆಲ್ಲ ನಮ್ಮ ರಾಯಭಾರಿಗಳಿರುವಾಗ, ಕುಳಿತಲ್ಲಿಂದಲೇ ವಿಡಿಯೊ ಮೂಲಕ ಮಾತನಾಡುವ ಅನುಕೂಲವೂ ಇರುವಾಗ, ಭಾರತದ ಪ್ರಧಾನಿಗಳು ಇಷ್ಟೊಂದು ವಿದೇಶ ಪ್ರವಾಸ ಮಾಡುವ ಅಗತ್ಯವೇನಿದೆ ಎಂದು ನೀವು ಕೇಳಿದ್ದೀರಿ. ನಾನು ವಿದೇಶಾಂಗ ಸೇವೆಯಲ್ಲಿದ್ದವನಲ್ಲ. ಜಂಟಿ ಹೇಳಿಕೆಗಳನ್ನೂ ಸಂಸತ್ತಿನ ಪ್ರಶ್ನೋತ್ತರಗಳನ್ನೂ ಓದುವ ಚಟ ಹತ್ತಿಸಿಕೊಂಡಿರುವ ಒಬ್ಬ ಓದುಗ ಮಾತ್ರ. ಆ ಓದಿನಿಂದ ನನಗೆ ಮನವರಿಕೆಯಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರವಾಸದಿಂದ ದೇಶಕ್ಕಾಗುವ ಪ್ರಯೋಜನದ ಬಹುಪಾಲು ಪ್ರಧಾನಿಯವರು ವಿಮಾನ ಏರುವ ಮೊದಲೇ ಆಗಿ ಮುಗಿದಿರುತ್ತದೆ, ಏಕೆಂದರೆ ಪ್ರವಾಸಕ್ಕೆಂದು ಗೊತ್ತುಮಾಡಿದ ದಿನಾಂಕವೇ ಎರಡೂ ಸರ್ಕಾರಗಳ ಪಾಲಿಗೆ ಗಡುವಾಗಿ ಪರಿಣಮಿಸುತ್ತದೆ.

ಇಬ್ಬರು ನಾಯಕರು ಒಂದು ಕೋಣೆಯಲ್ಲಿ ಕುಳಿತು, ಮಾತನಾಡಿ, ಅಲ್ಲಿಯೇ ಒಂದು ತೀರ್ಮಾನಕ್ಕೆ ಬಂದು ಸಹಿ ಹಾಕುತ್ತಾರೆ ಎಂಬ ಚಿತ್ರ ನಮ್ಮ ಮನಸ್ಸಿನಲ್ಲಿದೆ. ಆದರೆ ಒಂದು ಒಪ್ಪಂದದ ಕರಡು ವಿದೇಶಾಂಗ, ಹಣಕಾಸು, ಕಾನೂನು, ಗೃಹ ಎಂದು ಹಲವು ಸಚಿವಾಲಯಗಳ ಮೇಜುಗಳನ್ನು ದಾಟಿ ಬರಬೇಕು. ಎದುರು ದೇಶದಲ್ಲಿಯೂ ಅಷ್ಟೇ ಮೇಜುಗಳಿರುತ್ತವೆ. ಎರಡೂ ಕಡೆಯ ಅಧಿಕಾರಿಗಳು ಒಪ್ಪದ ಪದಗಳನ್ನು ಚೌಕ ಆವರಣದೊಳಗೆ ಇಟ್ಟುಕೊಂಡು ತಿಂಗಳುಗಟ್ಟಲೆ ಜಗ್ಗಾಡುತ್ತಾರೆ. ಯಾರೂ ಕೇಳದಿದ್ದರೆ ಆ ಕಡತ ವರ್ಷಗಟ್ಟಲೆ ಹಾಗೆಯೇ ಬಿದ್ದಿರಬಹುದು. ಪ್ರಧಾನಿಯವರು ಇಂಥ ತಾರೀಖಿಗೆ ಅಲ್ಲಿಗೆ ಹೋಗುತ್ತಾರೆ ಎಂದು ನಿಗದಿಯಾದ ಮರುದಿನದಿಂದ ಅದೇ ಕಡತಕ್ಕೆ ಕಾಲು ಬರುತ್ತದೆ, ಏಕೆಂದರೆ ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಮರಳುವುದು ಯಾರಿಗೂ ಬೇಡ.

2005ರ ಜುಲೈನಲ್ಲಿ ಮನಮೋಹನ್ ಸಿಂಗ್ ಅವರು ವಾಷಿಂಗ್ಟನ್‌ಗೆ ಹೋದಾಗ ಈ ಗಡುವು ಕೆಲಸ ಮಾಡಿದ ಬಗೆಯನ್ನು ಸ್ಪಷ್ಟವಾಗಿ ಕಾಣಬಹುದು. ನಾಗರಿಕ ಪರಮಾಣು ಸಹಕಾರದ ಮಾತುಕತೆ ಕೊನೆಯ ಗಳಿಗೆಯಲ್ಲಿ ಮುರಿದುಬೀಳುವ ಹಂತಕ್ಕೆ ಬಂದಿತ್ತು. ಜುಲೈ 18ರ ಬೆಳಿಗ್ಗೆ ಅಮೆರಿಕದ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್ ಅವರು ಖುದ್ದಾಗಿ ಸಿಂಗ್ ಅವರನ್ನು ಕಂಡು ಮಾತನಾಡಿದ ಮೇಲೆ ಮತ್ತೆ ದಾರಿ ತೆರೆಯಿತು, ಅದೇ ದಿನ ಅಧ್ಯಕ್ಷ ಬುಷ್ ಅವರೊಂದಿಗಿನ ಜಂಟಿ ಹೇಳಿಕೆಯೂ ಹೊರಬಿತ್ತು. ಅಂದು ಬೇರೆ ಊರಿನಲ್ಲಿ ಕುಳಿತು ದೂರವಾಣಿಯಲ್ಲಿ ಮಾತನಾಡಿದ್ದರೆ 'ಮುಂದಿನ ವಾರ ನೋಡೋಣ' ಎಂದು ಎರಡೂ ಕಡೆಯವರು ಸುಮ್ಮನಾಗುತ್ತಿದ್ದರೆಂಬುದು ನನ್ನ ಊಹೆ. ಆ ಹೇಳಿಕೆ ಪೂರ್ಣ ಫಲ ಕೊಡಲು ಮೂರು ವರ್ಷ ಬೇಕಾಯಿತು: ಪರಮಾಣು ಇಂಧನ, ತಂತ್ರಜ್ಞಾನಗಳ ಮಾರಾಟಕ್ಕೆ ನಿಯಮ ಹಾಕುವ ದೇಶಗಳ ಕೂಟವಾದ ಪರಮಾಣು ಪೂರೈಕೆದಾರರ ಗುಂಪು ಭಾರತಕ್ಕೆ ಆ ನಿಯಮಗಳಿಂದ ವಿನಾಯಿತಿ ಕೊಟ್ಟದ್ದು 2008ರ ಸೆಪ್ಟೆಂಬರ್ 6ರಂದು, ಒಪ್ಪಂದಕ್ಕೆ ಅಂತಿಮ ಸಹಿ ಬಿದ್ದದ್ದು ಅದೇ ವರ್ಷದ ಅಕ್ಟೋಬರ್ 10ರಂದು.

ವಿಡಿಯೊ ಸಭೆ ಸಾಲದೇ ಎಂಬ ನಿಮ್ಮ ಮಾತನ್ನು ತಳ್ಳಿಹಾಕಲಾಗದು, ಏಕೆಂದರೆ ಕೋವಿಡ್ ಕಾಲದಲ್ಲಿ ಅದರ ಪರೀಕ್ಷೆ ತಾನಾಗಿಯೇ ನಡೆದುಹೋಗಿದೆ. 2019ರ ನವೆಂಬರ್‌ನಲ್ಲಿ ಬ್ರೆಜಿಲ್‌ನಿಂದ ಮರಳಿದ ನರೇಂದ್ರ ಮೋದಿಯವರು ಮತ್ತೆ ದೇಶದ ಗಡಿ ದಾಟಿದ್ದು 2021ರ ಮಾರ್ಚ್‌ನಲ್ಲಿ, ಢಾಕಾಕ್ಕೆ ಹೊರಟಾಗ. ನಡುವಿನ ಅವಧಿಯಲ್ಲಿ, 2020ರ ಜೂನ್ 4ರಂದು, ಆಸ್ಟ್ರೇಲಿಯಾದ ಪ್ರಧಾನಿ ಸ್ಕಾಟ್ ಮಾರಿಸನ್ ಅವರೊಡನೆ ನಡೆದ ವಿಡಿಯೊ ಶೃಂಗಸಭೆಯಲ್ಲಿ ಎರಡೂ ದೇಶಗಳ ಸೇನೆಗಳು ಪರಸ್ಪರರ ನೆಲೆಗಳನ್ನು ಬಳಸಿಕೊಳ್ಳುವ ಒಪ್ಪಂದ ಅಂತಿಮಗೊಂಡಿತು. ಮೊದಲೇ ಹದಕ್ಕೆ ಬಂದಿದ್ದ ಕಾಗದವಾದ್ದರಿಂದ ಅದಕ್ಕೆ ಪರದೆಯೇ ಸಾಕಾಯಿತು. ಆದರೆ ಅದೇ ತಿಂಗಳು ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಮಂದಿ ಯೋಧರು ಸತ್ತ ಮೇಲೆ ಚೀನಾದೊಡನೆ ಮಾತನಾಡಬೇಕಾದಾಗ ಪರದೆ ಸಾಕಾಗಲಿಲ್ಲ. ಸೋಂಕು ಏರುತ್ತಿದ್ದ ಸೆಪ್ಟೆಂಬರ್‌ನಲ್ಲಿಯೂ ರಕ್ಷಣಾ ಸಚಿವರೂ ವಿದೇಶಾಂಗ ಸಚಿವರೂ ಒಬ್ಬರಾದ ಮೇಲೊಬ್ಬರು ಮಾಸ್ಕೋಗೆ ಹೋಗಿ, ಅಲ್ಲಿ ಚೀನಾದ ಸಚಿವರ ಎದುರೇ ಕುಳಿತರು. ಮನಸ್ಸು ಕಹಿಯಾಗಿರುವಾಗ ಯಾರೂ ಕ್ಯಾಮೆರಾದ ಮುಂದೆ ಬಿಚ್ಚಿ ಮಾತನಾಡುವುದಿಲ್ಲ.

ಗಡುವಿನ ಬಲವನ್ನೂ ಅದರ ಮಿತಿಯನ್ನೂ ಒಟ್ಟಿಗೆ ನೋಡಬೇಕೆಂದರೆ ಢಾಕಾ ಪ್ರವಾಸಗಳಷ್ಟು ಒಳ್ಳೆಯ ಉದಾಹರಣೆ ನನಗೆ ಬೇರೆ ಸಿಕ್ಕಿಲ್ಲ. 2011ರ ಸೆಪ್ಟೆಂಬರ್‌ನಲ್ಲಿ ಮನಮೋಹನ್ ಸಿಂಗ್ ಅವರು ಅಲ್ಲಿಗೆ ಹೊರಟಾಗ ಪಶ್ಚಿಮ ಬಂಗಾಳದಿಂದ ಬಾಂಗ್ಲಾದೇಶಕ್ಕೆ ಹರಿಯುವ ತೀಸ್ತಾ ನದಿಯ ನೀರು ಹಂಚಿಕೆಯ ಒಪ್ಪಂದಕ್ಕೆ ಸಹಿ ಬೀಳುವುದು ಖಚಿತವೆಂದೇ ಎಲ್ಲರೂ ತಿಳಿದಿದ್ದರು. ಆದರೆ ಅವರೊಂದಿಗೆ ಹೋಗಬೇಕಿದ್ದ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿಯವರು ಕರಡನ್ನು ಒಪ್ಪದೆ ಹಿಂದೆ ಸರಿದರು, ಒಪ್ಪಂದ ಅಲ್ಲಿಗೇ ನಿಂತಿತು. ಆ ಪ್ರವಾಸ ವಿಫಲವಾಯಿತೆಂದು ಆಗ ಬರೆದವರು ಬಹಳ. ಆದರೆ ಅದೇ ಪ್ರವಾಸದಲ್ಲಿ, ಹೆಚ್ಚು ಗದ್ದಲವಿಲ್ಲದೆ, ಗಡಿಗೆ ಸಂಬಂಧಿಸಿದ ಇನ್ನೊಂದು ಪೂರಕ ಒಪ್ಪಂದಕ್ಕೂ ಸಹಿಯಾಗಿತ್ತು. 1974ರಲ್ಲಿ ಇಂದಿರಾ ಗಾಂಧಿ ಮತ್ತು ಶೇಖ್ ಮುಜೀಬುರ್ ರೆಹಮಾನ್ ಅವರು ಮಾಡಿಕೊಂಡಿದ್ದ, ಬಾಂಗ್ಲಾದೇಶ ಆಗಲೇ ಅನುಮೋದಿಸಿದ್ದರೂ ನಮ್ಮ ಸಂಸತ್ತಿನ ಮುಂದೆ ದಶಕಗಳ ಕಾಲ ಬಾರದೇ ಉಳಿದಿದ್ದ ಗಡಿ ಒಪ್ಪಂದಕ್ಕೆ ಅದು ಮತ್ತೆ ಜೀವ ಕೊಟ್ಟಿತು. 2015ರ ಮೇ ತಿಂಗಳಲ್ಲಿ ಸಂಸತ್ತು ಸಂವಿಧಾನದ 100ನೇ ತಿದ್ದುಪಡಿಯನ್ನು ಅಂಗೀಕರಿಸಿತು. ಜೂನ್ 6ರಂದು ಮೋದಿಯವರು ಢಾಕಾದಲ್ಲಿದ್ದಾಗ ಅನುಮೋದನೆಯ ದಾಖಲೆಗಳ ವಿನಿಮಯವಾಯಿತು. ತಿದ್ದುಪಡಿಗೂ ಪ್ರವಾಸಕ್ಕೂ ನಡುವೆ ಒಂದೇ ತಿಂಗಳ ಅಂತರವಿತ್ತು ಎಂಬುದನ್ನು ಗಮನಿಸಿ. ಆ ಜುಲೈ 31ರ ಮಧ್ಯರಾತ್ರಿ ಬಾಂಗ್ಲಾದೇಶದ ಒಳಗಿದ್ದ ಭಾರತದ 111 ತುಂಡು ನೆಲಗಳೂ ಭಾರತದ ಒಳಗಿದ್ದ ಬಾಂಗ್ಲಾದೇಶದ 51 ತುಂಡು ನೆಲಗಳೂ ಕೈಬದಲಾದವು. ಸುತ್ತಲೂ ಪರದೇಶವೇ ಇದ್ದುದರಿಂದ ಶಾಲೆಗೂ ಆಸ್ಪತ್ರೆಗೂ ಹಕ್ಕಿನಿಂದ ಹೋಗಲಾಗದಿದ್ದ ಐವತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಮೊದಲ ಬಾರಿ ಒಂದು ನಿಜವಾದ ಪೌರತ್ವ ಸಿಕ್ಕಿತು. ಒಬ್ಬ ಪ್ರಧಾನಿ ಸಹಿ ಹಾಕಿಸಿದ್ದನ್ನು ಎದುರು ಪಕ್ಷದ ಇನ್ನೊಬ್ಬ ಪ್ರಧಾನಿ ದಡ ಮುಟ್ಟಿಸಿದ್ದರಿಂದ, 'ಇದು ಯಾರ ಸಾಧನೆ' ಎಂಬ ಜಗಳಕ್ಕೆ ಇಲ್ಲಿ ನನಗೆ ಅರ್ಥ ಕಾಣುವುದಿಲ್ಲ.

ಹಾಗೆಂದು ಪ್ರತಿಯೊಂದಕ್ಕೂ ನಮ್ಮವರೇ ಹೋಗಬೇಕೆಂದೇನೂ ಇಲ್ಲ, ಬರಮಾಡಿಕೊಂಡರೂ ಗಡುವು ಗಡುವೇ. ನಮ್ಮವರೇ ಆದ ದೇವೇಗೌಡರು ಪ್ರಧಾನಿಯಾಗಿದ್ದದ್ದು ಒಂದು ವರ್ಷಕ್ಕೂ ಕಡಿಮೆ ಕಾಲ. ಆದರೂ ಬಾಂಗ್ಲಾದೇಶದೊಡನೆ ಗಂಗಾ ನೀರಿನ 30 ವರ್ಷಗಳ ಒಪ್ಪಂದಕ್ಕೆ 1996ರ ಡಿಸೆಂಬರ್ 12ರಂದು ಸಹಿಯಾದದ್ದು ಅವರ ಕಾಲದಲ್ಲಿಯೇ, ಅದೂ ಅಲ್ಲಿನ ಅಂದಿನ ಪ್ರಧಾನಿ ಶೇಖ್ ಹಸೀನಾ ಅವರು ದೆಹಲಿಗೆ ಬಂದಾಗ. ಅದಕ್ಕೆ ಮೊದಲು ಅಂದಿನ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ತಾವೇ ಢಾಕಾಕ್ಕೆ ಹೋಗಿ ಬಂದಿದ್ದರು. 2011ರಲ್ಲಿ ಇಲ್ಲದೇ ಹೋದದ್ದು ರಾಜ್ಯದ ಈ ಒಪ್ಪಿಗೆಯೇ.

ಕಾಗದವೇ ಇಲ್ಲದ ಪ್ರವಾಸಗಳೂ ಇವೆ, ಅವನ್ನು ಅಳೆಯುವ ಕೋಲು ಬೇರೆ. 1958ರಲ್ಲಿ ನೆಹರೂ ಅವರು ಭೂತಾನಕ್ಕೆ ಹೋದಾಗ ಭಾರತದಿಂದ ಅಲ್ಲಿಗೆ ಮೋಟಾರು ರಸ್ತೆಯೇ ಇರಲಿಲ್ಲ; ಸಿಕ್ಕಿಮ್ ದಾಟಿ, ನಾಥು ಲಾ ಏರಿ, ಟಿಬೆಟ್‌ನ ಚುಂಬಿ ಕಣಿವೆಯ ಮೂಲಕ ಕುದುರೆ ಮತ್ತು ಯಾಕ್‌ಗಳ ಬೆನ್ನ ಮೇಲೆ ಅವರು ಪಾರೋ ತಲುಪಿದರು. ಆಗ ಅವರಿಗೆ ಅರವತ್ತೆಂಟು ವರ್ಷ. ಭೂತಾನ ಸ್ವತಂತ್ರ ದೇಶವಾಗಿಯೇ ಉಳಿಯಬೇಕೆಂದು ಅವರು ಅಲ್ಲಿ ಹೇಳಿದ ಮಾತಿಗೆ ಆ ದಾರಿಯ ಶ್ರಮವೇ ತೂಕ ಕೊಟ್ಟಿತೆಂದು ನನಗೆ ಅನ್ನಿಸುತ್ತದೆ.

1971ರ ಅಕ್ಟೋಬರ್ 24ರಂದು ಹೊರಟ ಇಂದಿರಾ ಗಾಂಧಿಯವರ ಸುಮಾರು ಮೂರು ವಾರಗಳ ಪ್ರವಾಸವೂ ಅಂಥದ್ದೇ. ಪೂರ್ವ ಪಾಕಿಸ್ತಾನದಿಂದ ಬಂದ ಸುಮಾರು ಒಂದು ಕೋಟಿ ನಿರಾಶ್ರಿತರ ಹೊರೆಯನ್ನು ಹೇಳಿಕೊಳ್ಳಲು ಅವರು ಬೆಲ್ಜಿಯಂ, ಆಸ್ಟ್ರಿಯಾ, ಬ್ರಿಟನ್, ಅಮೆರಿಕ, ಫ್ರಾನ್ಸ್, ಪಶ್ಚಿಮ ಜರ್ಮನಿಗಳನ್ನು ಸುತ್ತಿದರು. ಅಧ್ಯಕ್ಷ ನಿಕ್ಸನ್ ಅವರಿಂದ ಸಿಕ್ಕಿದ್ದು ಶೂನ್ಯ. ಭೇಟಿಯ ಮರುದಿನ ನಿಕ್ಸನ್ ಅವರೂ ಅವರ ಭದ್ರತಾ ಸಲಹೆಗಾರ ಕಿಸಿಂಜರ್ ಅವರೂ ಇಂದಿರಾ ಅವರ ಬಗ್ಗೆ ಆಡಿಕೊಂಡ ಹಗುರ ಮಾತುಗಳು ದಶಕಗಳ ನಂತರ ಬಹಿರಂಗವಾದ ಧ್ವನಿಮುದ್ರಿಕೆಗಳಲ್ಲಿವೆ. ಆದರೆ ಡಿಸೆಂಬರ್‌ನಲ್ಲಿ ಯುದ್ಧ ಆರಂಭವಾಗಿ, ಕದನವಿರಾಮದ ನಿರ್ಣಯವನ್ನು ಅಮೆರಿಕ ಭದ್ರತಾ ಮಂಡಳಿಯ ಮುಂದಿಟ್ಟಾಗ, ಸೋವಿಯತ್ ಒಕ್ಕೂಟ ವಿಟೊ ಚಲಾಯಿಸಿತು, ಬ್ರಿಟನ್ ಮತ್ತು ಫ್ರಾನ್ಸ್ ಮತ ಹಾಕದೆ ತಟಸ್ಥವಾಗಿ ಉಳಿದವು. ಅಮೆರಿಕದ ಮಿತ್ರರಿಬ್ಬರು ಹಾಗೆ ಸುಮ್ಮನಿದ್ದುದಕ್ಕೆ ಆ ಪ್ರವಾಸವೊಂದೇ ಕಾರಣವೆನ್ನಲಾಗದು. ಏನೂ ಸಂಬಂಧವಿಲ್ಲವೆಂದೂ ನಾನು ನಂಬಲಾರೆ.

ಹೋದದ್ದರಿಂದ ನಷ್ಟವಾಗುವುದೂ ಉಂಟು. 2009ರ ಜುಲೈನಲ್ಲಿ ಈಜಿಪ್ಟ್‌ನ ಶರ್ಮ್ ಅಲ್ ಶೇಖ್‌ನಲ್ಲಿ ಪಾಕಿಸ್ತಾನದೊಡನೆ ಹೊರಡಿಸಿದ ಜಂಟಿ ಹೇಳಿಕೆಯೊಳಗೆ, ಭಾರತ ಅಶಾಂತಿ ಎಬ್ಬಿಸುತ್ತಿದೆಯೆಂದು ಪಾಕಿಸ್ತಾನ ದೂರುವ ಅದರದೇ ಪ್ರಾಂತ್ಯವಾದ ಬಲೂಚಿಸ್ತಾನದ ಹೆಸರು ಸೇರಿಹೋಗಿ, ಮನಮೋಹನ್ ಸಿಂಗ್ ಅವರು ಸಂಸತ್ತಿನಲ್ಲಿ ಅದಕ್ಕೆ ಸಮಜಾಯಿಷಿ ಕೊಡಬೇಕಾಗಿ ಬಂತು. ಗಡುವಿನ ಒತ್ತಡ ಕೆಟ್ಟ ವಾಕ್ಯವನ್ನೂ ಒಪ್ಪಿಸಬಲ್ಲದು. ಇನ್ನು 1999ರ ಫೆಬ್ರುವರಿಯಲ್ಲಿ ವಾಜಪೇಯಿಯವರು ಬಸ್ಸಿನಲ್ಲಿ ಲಾಹೋರ್‌ಗೆ ಹೋದದ್ದನ್ನು ಕೆಲವೇ ತಿಂಗಳಲ್ಲಿ ಕಾರ್ಗಿಲ್ ಅಳಿಸಿಹಾಕಿತೆಂದು ಎಲ್ಲರೂ ಹೇಳುತ್ತಾರೆ. ಆದರೆ ಕ್ಷಿಪಣಿ ಪರೀಕ್ಷೆಗಳನ್ನು ಪರಸ್ಪರರಿಗೆ ಮುಂಚಿತವಾಗಿ ತಿಳಿಸಬೇಕೆಂಬ ಅಂಶ ಅಲ್ಲಿ ಸಹಿಯಾದ ತಿಳಿವಳಿಕೆ ಪತ್ರದಲ್ಲಿತ್ತು, 2005ರಲ್ಲಿ ಅದೇ ಪ್ರತ್ಯೇಕ ಒಪ್ಪಂದವಾಯಿತು. ಬಸ್ಸನ್ನು ನೆನಪಿಟ್ಟುಕೊಂಡವರು ಆ ಪತ್ರವನ್ನು ಮರೆತಿದ್ದಾರೆ.

ಖರ್ಚಿನ ವಿಷಯ. ಪ್ರಧಾನಿ ಕಾರ್ಯಾಲಯದ ಜಾಲತಾಣದಲ್ಲಿ ಪ್ರವಾಸಗಳ ಪಟ್ಟಿಯೂ ಬಾಡಿಗೆ ವಿಮಾನದ ವೆಚ್ಚವೂ ಇರುತ್ತವೆ; ಸಂಸತ್ತಿನಲ್ಲಿ ಕೇಳಿದಾಗ ವಿದೇಶಾಂಗ ಸಚಿವಾಲಯವೂ ಉತ್ತರಿಸುತ್ತದೆ. ಆ ಲೆಕ್ಕ ಕೇಳುವುದು ನಾಗರಿಕರ ಹಕ್ಕು. ಆದರೆ ಇಂಥ ಪ್ರಧಾನಿ ಇಷ್ಟು ದೇಶ, ಅಂಥವರು ಅಷ್ಟು ದೇಶ ಎಂಬ ಎಣಿಕೆಯಿಂದ ನನಗೆ ಏನೂ ತಿಳಿಯುವುದಿಲ್ಲ. ಶೃಂಗಸಭೆಗಳೇ ಹೆಚ್ಚಾಗಿರುವ ಈ ಕಾಲದಲ್ಲಿ ಯಾರು ಪ್ರಧಾನಿಯಾದರೂ ಆ ಸಂಖ್ಯೆ ಏರುತ್ತದೆ. ಅನಿವಾಸಿ ಭಾರತೀಯರ ದೊಡ್ಡ ಸಭೆಗಳಿಗೂ ನಾನು ಹೆಚ್ಚಿನ ಬೆಲೆ ಕೊಡುವುದಿಲ್ಲ. ನಾನು ಮಾಡುವುದು ಇಷ್ಟೇ: ಅದೇ ದೇಶದೊಡನೆ ಹಿಂದಿನ ಭೇಟಿಯಲ್ಲಿ ಹೊರಟ ಜಂಟಿ ಹೇಳಿಕೆಯನ್ನೂ ಈಗಿನದನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವ ಭರವಸೆ ನಡೆದು ಪಟ್ಟಿಯಿಂದ ಇಳಿದಿದೆ, ಯಾವುದು ಅದೇ ಮಾತುಗಳಲ್ಲಿ ಮತ್ತೆ ಕುಳಿತಿದೆ ಎಂದು ನೋಡುತ್ತೇನೆ. ಬಾಂಗ್ಲಾದೇಶದ ಮಟ್ಟಿಗೆ ಗಡಿಯ ತುಂಡು ನೆಲಗಳು ಪಟ್ಟಿಯಿಂದ ಇಳಿದವು. 2011ರ ನಂತರ ಎರಡೂ ಕಡೆಯ ಪ್ರಧಾನಿಗಳು ಹಲವು ಬಾರಿ ಹೋಗಿ ಬಂದರೂ ತೀಸ್ತಾ ಮಾತ್ರ ಇಳಿಯಲಿಲ್ಲ.