ಸ್ಕೋಪನ್ನು 25 ಪಟ್ಟಿಗೆ ಏರಿಸಿದರೆ ಚಿತ್ರ ಕಪ್ಪಾಗುತ್ತದೆ, ಕಣ್ಣು ಎಲ್ಲಿಡಬೇಕು?

ನಮಸ್ಕಾರ. ಬಂದೂಕಿನ ಹೊಸ 5-25×56 ಸ್ಕೋಪ್ (5ರಿಂದ 25 ಪಟ್ಟು ದೊಡ್ಡದಾಗಿ ತೋರಿಸುವ, ಮುಂದಿನ ಮಸೂರ 56 ಮಿಲಿಮೀಟರ್ ಅಗಲದ ದುರ್ಬೀನು) 6 ಪಟ್ಟಿನಲ್ಲಿ ಚೆನ್ನಾಗಿ ಕಾಣುತ್ತದೆ, 25ಕ್ಕೆ ಏರಿಸಿದ ಕೂಡಲೇ ಅಂಚಿನಿಂದ ಕಪ್ಪು ನೆರಳು ನುಗ್ಗುತ್ತದೆ, ತಲೆ ಚೂರು ಅಲ್ಲಾಡಿದರೂ ಪೂರ್ತಿ ಕತ್ತಲು, ಕನ್ನಡಕ ಬೇರೆ ಇದೆ, ಕೆಟ್ಟಿರುವುದು ಸ್ಕೋಪೋ ನನ್ನ ಕಣ್ಣೋ ಎಂದು ಕೇಳಿದ್ದೀರಿ. ಬಹುಮಟ್ಟಿಗೆ ಎರಡೂ ಅಲ್ಲ. ಬಂದೂಕು ನಿಮ್ಮ ಮೈಗೆ ಇನ್ನೂ ಹೊಂದಿಕೊಂಡಿಲ್ಲ. 6 ಪಟ್ಟಿನಲ್ಲಿ ಆ ಕೊರತೆ ಮುಚ್ಚಿಹೋಗುತ್ತದೆ, 25ರಲ್ಲಿ ಎದ್ದು ಕಾಣುತ್ತದೆ.

ನಾನಿರುವುದು ಅರಿಜೋನಾದ ಫೀನಿಕ್ಸ್‌ನಲ್ಲಿ. ಊರಿನ ಉತ್ತರಕ್ಕಿರುವ ಬೆನ್ ಏವರಿ ರೇಂಜಿನಲ್ಲಿ ಎಫ್-ಕ್ಲಾಸ್ ಹೊಡೆಯುತ್ತೇನೆ. ಬೋರಲು ಮಲಗಿ, ಬಂದೂಕನ್ನು ಬೈಪಾಡ್ (ಎರಡು ಕಾಲಿನ ಆಸರೆ) ಅಥವಾ ರೆಸ್ಟ್ ಮೇಲಿಟ್ಟು, 1000 ಗಜ, ಅಂದರೆ 914 ಮೀಟರ್ ದೂರಕ್ಕೆ ಗುರಿ ಇಡುವ ಆಟ ಅದು. ಆ ದೂರದಲ್ಲಿ ಹತ್ತು ಅಂಕದ ವೃತ್ತದ ಅಗಲ 10 ಇಂಚು, ಒಳಗಿನ ಎಕ್ಸ್ ವೃತ್ತ 5 ಇಂಚು. ಕೆನಡಾದ ಜಾರ್ಜ್ ಫಾರ್ಕರ್ಸನ್ ಇದನ್ನು ಬೆಳೆಸಿದ್ದೇ ವಯಸ್ಸಾಗಿ ಕಣ್ಣು ಮಂಜಾದವರೂ ಸ್ಕೋಪ್ ಇಟ್ಟುಕೊಂಡು ಹೊಡೆಯಲಿ ಎಂದು. 'ಎಫ್' ಅವರ ಹೆಸರಿನದೇ. ಹಾಗಾಗಿ ನಮ್ಮ ಸಾಲಿನಲ್ಲಿ ಕನ್ನಡಕದವರಿಗೆ ಕೊರತೆಯಿಲ್ಲ, ನೀವು ಹೇಳುವ ಕಪ್ಪು ನೆರಳಿನ ದೂರು ಹೊಸಬರಿಂದ ನಾನು ಮತ್ತೆ ಮತ್ತೆ ಕೇಳುವಂಥದ್ದು.

ಮೊದಲು ಏನಾಗುತ್ತಿದೆ ಎಂದು ಕಣ್ಣಾರೆ ನೋಡಿಬಿಡಿ. ಸ್ಕೋಪನ್ನು ಬಂದೂಕಿನಿಂದ ಬಿಚ್ಚಿ, ಬಿಸಿಲು ಬಿದ್ದ ಬಿಳಿ ಗೋಡೆಯ ಕಡೆ ತಿರುಗಿಸಿ ಮೇಜಿನ ಮೇಲಿಡಿ. ಸೂರ್ಯನ ಕಡೆ ಮಾತ್ರ ಎಂದೂ ಬೇಡ. ಕಣ್ಣಿಡುವ ತುದಿಯ ಹಿಂದೆ ಒಂದು ಬಿಳಿ ಕಾಗದ ಹಿಡಿದು ಹಿಂದೆ ಮುಂದೆ ಸರಿಸಿ. ಸುಮಾರು 9 ಸೆಂಟಿಮೀಟರ್ ದೂರದಲ್ಲಿ ಕಾಗದದ ಮೇಲೆ ಅಂಚು ಸ್ಪಷ್ಟವಾದ ಒಂದು ಪುಟ್ಟ ಬೆಳಕಿನ ಬಿಲ್ಲೆ ಮೂಡುತ್ತದೆ. ಅದು ಮುಂದಿನ ದೊಡ್ಡ ಮಸೂರದ ಬಿಂಬ. ಹದಿನೆಂಟನೇ ಶತಮಾನದಲ್ಲಿ ಲಂಡನ್ನಿನಲ್ಲಿ ಉಪಕರಣ ತಯಾರಿಸುತ್ತಿದ್ದ ಜೆಸ್ಸಿ ರಾಮ್ಸ್‌ಡೆನ್ ಹೆಸರಿನಲ್ಲಿ ಇದಕ್ಕೆ ರಾಮ್ಸ್‌ಡೆನ್ ಬಿಲ್ಲೆ ಎನ್ನುತ್ತಾರೆ, ಶೂಟಿಂಗ್‌ನವರ ಬಾಯಲ್ಲಿ ಇದು ಎಕ್ಸಿಟ್ ಪ್ಯೂಪಿಲ್. ಸ್ಕೋಪಿನೊಳಗೆ ಬಂದ ಬೆಳಕೆಲ್ಲ ಹೊರಗೆ ಹೋಗುವಾಗ ಈ ಬಿಲ್ಲೆಯನ್ನು ಹಾದೇ ಹೋಗಬೇಕು. ನಿಮ್ಮ ಕಣ್ಣಿನ ಪಾಪೆ ಕೂರಬೇಕಾದದ್ದು ಅದೇ ಜಾಗದಲ್ಲಿ.

ಈಗ ಪಟ್ಟು ಬದಲಿಸುವ ಪವರ್ ರಿಂಗ್ ತಿರುಗಿಸಿ ನೋಡಿ. ಬಿಲ್ಲೆ ಕಣ್ಣೆದುರೇ ಕಿರಿದಾಗುತ್ತದೆ. ಲೆಕ್ಕ ಸುಲಭ: ಮುಂದಿನ ಮಸೂರದ ಅಗಲವನ್ನು ಪಟ್ಟಿನಿಂದ ಭಾಗಿಸಿ. 56 ಮಿಲಿಮೀಟರ್ ಭಾಗಿಸು 25, ಅಂದರೆ 2.24 ಮಿಲಿಮೀಟರ್. 6 ಪಟ್ಟಿನಲ್ಲಿ ಇದೇ ಲೆಕ್ಕಕ್ಕೆ 9 ದಾಟುತ್ತದೆ (ಕೆಳಗಿನ ಪಟ್ಟುಗಳಲ್ಲಿ ಒಳಗಿನ ಭಾಗಗಳು ಅಡ್ಡ ಬಂದು ಇದಕ್ಕಿಂತ ಕಡಿಮೆ ಇರುವುದೂ ಉಂಟು). ನಡುಹಗಲ ಬಿಸಿಲಲ್ಲಿ ನಮ್ಮ ಪಾಪೆ ಎರಡು ಮೂರು ಮಿಲಿಮೀಟರಿಗೆ ಕುಗ್ಗಿರುತ್ತದೆ. 9 ಮಿಲಿಮೀಟರ್ ಅಗಲದ ಬೆಳಕಿನಲ್ಲಿ ಅಂಥ ಪಾಪೆ ಎಲ್ಲಿದ್ದರೂ ಅದಕ್ಕೆ ಪೂರ್ತಿ ಪಾಲು ಸಿಗುತ್ತದೆ. 2.24ರಲ್ಲಿ ಬೆಳಕೂ ಪಾಪೆಯೂ ಹೆಚ್ಚುಕಡಿಮೆ ಒಂದೇ ಅಳತೆ, ಒಂದು ಮಿಲಿಮೀಟರ್ ತಪ್ಪಿದರೂ ಬೆಳಕಿನ ಒಂದು ಭಾಗ ಪಾಪೆಯ ಹೊರಗೆ ಬೀಳುತ್ತದೆ. ನೀವು ಕಾಣುವ ಕಪ್ಪು ಅಂಚು ಅದೇ. ನಮ್ಮಲ್ಲಿ ನೈಟ್‌ಫೋರ್ಸ್ 15-55×52 ಇಟ್ಟುಕೊಂಡವರಿದ್ದಾರೆ, 55ರಲ್ಲಿ ಅವರಿಗೆ ಸಿಗುವುದು ಒಂದು ಮಿಲಿಮೀಟರಿಗೂ ಕಡಿಮೆ.

ಕಾಗದದ ಮೇಲಿನ ಬಿಲ್ಲೆ 25 ಪಟ್ಟಿನಲ್ಲೂ ದುಂಡಗೆ, ಎಲ್ಲ ಕಡೆ ಒಂದೇ ಬೆಳಕಾಗಿ ಇದ್ದರೆ ಈ ವಿಷಯದಲ್ಲಿ ಸ್ಕೋಪ್ ನಿರಪರಾಧಿ. ಒಂದು ಬದಿ ಕತ್ತರಿಸಿದಂತೆ ಇದ್ದರೆ ಕಂಪನಿಗೆ ಕಳಿಸಿ. ಇನ್ನೊಂದು ಗಮನಿಸಿ: ಪಟ್ಟು ಬದಲಾದಂತೆ ಬಿಲ್ಲೆ ಸ್ಪಷ್ಟವಾಗುವ ದೂರವೂ ಬದಲಾಗುತ್ತದೆಯೇ? ಕೆಲವು ಸ್ಕೋಪುಗಳಲ್ಲಿ ಅದು ತುಸು ಹಿಂದೆ ಮುಂದೆ ಹೋಗುತ್ತದೆ. ಆ ದೂರವೇ ಐ ರಿಲೀಫ್. ನಿಮ್ಮದು ಎಷ್ಟೆಂದು 25ರಲ್ಲಿಟ್ಟು ಅಳೆದು ಬರೆದುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ಒತ್ತಿ ಹೇಳಬೇಕಾದ ಮಾತು ಒಂದೇ. ಕಣ್ಣು ಬೆಳಕನ್ನು ಹುಡುಕಿಕೊಂಡು ಹೋಗಬಾರದು. ತಲೆ ಸಹಜವಾಗಿ ಊರಿದ ಕಡೆಗೆ ಬೆಳಕು ಬರುವಂತೆ ಬಂದೂಕನ್ನು ಹೊಂದಿಸಬೇಕು. ಹೊಸಬರು ಮಾಡುವುದು ತದ್ವಿರುದ್ಧ: ಕತ್ತು ಚಾಚಿ, ಗಲ್ಲ ಎತ್ತಿ, ನೆರಳು ಹೋಗುವವರೆಗೆ ತಲೆ ಆಡಿಸಿ, ಆಮೇಲೆ ಆ ಭಂಗಿಯಲ್ಲೇ ಬಿಗಿಹಿಡಿದುಕೊಳ್ಳುತ್ತಾರೆ. ಬಿಗಿಹಿಡಿದ ಕತ್ತು ಅರ್ಧ ನಿಮಿಷವೂ ನಿಲ್ಲುವುದಿಲ್ಲ. ಹೊಡೆತದಿಂದ ಹೊಡೆತಕ್ಕೆ ಕೆನ್ನೆಯ ಒತ್ತಡ ಬೇರೆಯಾಗುತ್ತದೆ, ಬಂದೂಕು ಒದೆಯುವ ರೀತಿಯೂ ಬೇರೆಯಾಗುತ್ತದೆ.

ಹೊಂದಿಸುವ ಕೆಲಸವನ್ನು ಬೋಲ್ಟ್ ಹೊರಗೆ ತೆಗೆದಿಟ್ಟು, ಚೇಂಬರ್ (ಗುಂಡು ಕೂರುವ ಗೂಡು) ಖಾಲಿಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಮಾಡಿಕೊಂಡು ಶುರುಮಾಡಿ. ಮೊದಲು ಕಣ್ಣಿಡುವ ತುದಿಯಲ್ಲಿರುವ ಹಿಂದಿನ ಫೋಕಸ್: ಸ್ಕೋಪನ್ನು ಖಾಲಿ ಆಕಾಶಕ್ಕೋ ಬಿಳಿ ಗೋಡೆಗೋ ತಿರುಗಿಸಿ, ಒಂದೆರಡು ಕ್ಷಣ ಮಾತ್ರ ನೋಡಿ, ರೆಟಿಕಲ್ (ಸ್ಕೋಪಿನೊಳಗೆ ಕಾಣುವ ಗುರಿಗೆರೆಗಳು) ಆ ಮೊದಲ ನೋಟದಲ್ಲೇ ಚೂಪಾಗಿ ಕಾಣುವವರೆಗೆ ತಿರುಗಿಸುತ್ತಾ ಬನ್ನಿ. ದಿಟ್ಟಿಸಿ ನೋಡುತ್ತಾ ಕೂತರೆ ಕಣ್ಣೇ ಹೊಂದಿಕೊಂಡು ಮಸುಕನ್ನೂ ಚೂಪು ಮಾಡಿ ತೋರಿಸುತ್ತದೆ.

ಆಮೇಲೆ ಸ್ಕೋಪಿನ ಜಾಗ. ಅಂಗಡಿಯಲ್ಲಿ ನಿಂತುಕೊಂಡು, 6 ಪಟ್ಟಿನಲ್ಲಿ ನೋಡಿ, ಸ್ಕೋಪನ್ನು ಬಂದೂಕಿಗೆ ಹಿಡಿದಿಡುವ ರಿಂಗ್ ಬಿಗಿಸಿಕೊಂಡು ಬರುವವರೇ ಹೆಚ್ಚು. ಬೋರಲು ಮಲಗಿದಾಗ ತಲೆ ತಾನಾಗಿಯೇ ಮುಂದೆ ಜಾರುತ್ತದೆ, ಅಲ್ಲಿಗೆ ಆ ಅಳತೆ ಕೆಟ್ಟಿತು. ನೀವು ಯಾವ ಭಂಗಿಯಲ್ಲಿ ಹೊಡೆಯುತ್ತೀರೋ ಅದೇ ಭಂಗಿಯಲ್ಲಿ, 25 ಪಟ್ಟಿನಲ್ಲೇ ಇಟ್ಟು, ರಿಂಗುಗಳನ್ನು ಸಡಿಲ ಬಿಟ್ಟು ಸ್ಕೋಪನ್ನು ಹಿಂದೆ ಮುಂದೆ ಜಾರಿಸಿ ನೋಡಿ. ಸುತ್ತಲೂ ಸಮನಾಗಿ ಕಪ್ಪು ಬಳೆ ಕಂಡರೆ ದೂರ ತಪ್ಪಿದೆ. ಒಂದೇ ಬದಿಗೆ ಬಿದಿಗೆ ಚಂದ್ರನ ಹಾಗೆ ಕಪ್ಪು ಕಂಡರೆ ದೂರ ಸರಿಯಿದ್ದರೂ ಕಣ್ಣು ನಡುಗೆರೆಯಿಂದ ಸರಿದಿದೆ. ಎರಡನ್ನೂ ಒಟ್ಟಿಗೆ ಸರಿಮಾಡಲು ಹೋಗಬೇಡಿ, ಮೊದಲು ದೂರ ಮುಗಿಸಿ. ಸ್ಕೋಪು ಹುಬ್ಬಿಗೆ ತೀರ ಹತ್ತಿರ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ಬಂದೂಕಿನ ಹಿಡಿಯ (ಸ್ಟಾಕ್) ಉದ್ದವನ್ನು ಬದಲಿಸಿ. .308 ಅಳತೆಯ ಬಂದೂಕು ಒದ್ದಾಗ ಸ್ಕೋಪಿನ ಅಂಚು ಹುಬ್ಬು ಸೀಳುವುದು ಬರೀ ಮಾತಲ್ಲ. ರಿಂಗಿನ ಸ್ಕ್ರೂಗಳನ್ನು ತಯಾರಕರು ಹೇಳಿದ ಟಾರ್ಕ್‌ಗೇ (ತಿರುಚುವ ಬಲಕ್ಕೇ) ಬಿಗಿಸಿ, ರೆಟಿಕಲ್‌ನ ಅಡ್ಡಗೆರೆ ಮಟ್ಟವಾಗಿದೆಯೇ ನೋಡಿಕೊಳ್ಳಿ.

ಮುಂದಿನದು ಕೆನ್ನೆ ಊರುವ ಜಾಗದ ಎತ್ತರ. ಇಡೀ ವಿಷಯದಲ್ಲಿ ಎಲ್ಲರೂ ಉದಾಸೀನ ಮಾಡುವುದು ಇದನ್ನೇ, ನನ್ನ ಪ್ರಕಾರ ಮುಕ್ಕಾಲು ಪಾಲು ಉತ್ತರ ಇರುವುದೂ ಇದರಲ್ಲೇ. 56 ಮಿಲಿಮೀಟರ್ ಮಸೂರ ನಳಿಗೆಗೆ ತಾಗದಿರಲೆಂದು ಸ್ಕೋಪನ್ನು ಎತ್ತರದ ರಿಂಗುಗಳಲ್ಲಿ ಕೂರಿಸುತ್ತಾರೆ. ಹಳೆಯ ಮಾದರಿಯ ಸ್ಟಾಕುಗಳ ಎತ್ತರವಾದರೋ ಬರಿಗಣ್ಣಿನ ಸೈಟಿಗೆ ಅಥವಾ ಸಣ್ಣ ಸ್ಕೋಪಿಗೆ ತಕ್ಕದ್ದು. ನಡುವಿನ ಆ ಅಂತರವನ್ನು ನೀವು ಗಲ್ಲ ಎತ್ತಿ ತುಂಬಿಸುತ್ತಿದ್ದೀರಿ.

ಹೀಗೆ ಪರೀಕ್ಷಿಸಿ. ಬಂದೂಕಿನ ಹಿಂದೆ ನೇರವಾಗಿ ಮಲಗಿ, ಕಣ್ಣು ಮುಚ್ಚಿ, ಕೆನ್ನೆಯ ಮೂಳೆಯನ್ನು ಸ್ಟಾಕಿನ ಮೇಲೆ ಊರಿ ತಲೆಯ ಭಾರ ಪೂರ್ತಿ ಬಿಟ್ಟುಬಿಡಿ. ಮೂಳೆ ಎಂದದ್ದು ಬೇಕೆಂದೇ: ಕೆನ್ನೆಯ ಮಾಂಸ ಒಮ್ಮೆ ಹೆಚ್ಚು ಒತ್ತುತ್ತದೆ, ಒಮ್ಮೆ ಕಡಿಮೆ, ಮೂಳೆ ಹಾಗಲ್ಲ. ನಾಲ್ಕಾರು ಉಸಿರು ನಿಧಾನವಾಗಿ ಎಳೆದು ಬಿಡಿ. ಆಮೇಲೆ ಕಣ್ಣು ತೆರೆಯಿರಿ. 25 ಪಟ್ಟಿನಲ್ಲಿ ಅಂಚಿನಿಂದ ಅಂಚಿಗೆ ತುಂಬಿದ ಚಿತ್ರ ಕಂಡರೆ ಹೊಂದಿಕೊಂಡಿತು. ಕಾಣದಿದ್ದರೆ ತಲೆಯನ್ನು ಬೆರಳಗಲ ಮೇಲಕ್ಕೆ ಎತ್ತಿ ನೋಡಿ. ನೆರಳು ಕರಗಿದರೆ ಕೆನ್ನೆಪಟ್ಟಿ ಏರಬೇಕು, ಹೆಚ್ಚಿದರೆ ಇಳಿಯಬೇಕು. ಏರಿಸಿ ಇಳಿಸುವ ಸೌಲಭ್ಯ ನಿಮ್ಮ ಸ್ಟಾಕಿನಲ್ಲಿ ಇಲ್ಲದಿದ್ದರೆ ಮೇಲೆ ಸುತ್ತಿ ಕಟ್ಟುವ ಕೆನ್ನೆಪಟ್ಟಿ ಸಿಗುತ್ತದೆ, ಗಟ್ಟಿ ಫೋಮ್ ಪದರಗಳನ್ನು ಟೇಪಿನಿಂದ ಸುತ್ತಿದರೂ ಸಾಕು. ಬೋಲ್ಟ್ ಹಿಂದೆ ಬರಲು ಜಾಗ ಉಳಿದಿದೆಯೇ ನೋಡಿ. ನೆರಳು ಎಡಕ್ಕೋ ಬಲಕ್ಕೋ ಇದ್ದರೆ ಸಾಮಾನ್ಯವಾಗಿ ನೀವು ಬಂದೂಕಿಗೆ ಓರೆಯಾಗಿ ಮಲಗಿದ್ದೀರಿ ಅಥವಾ ತಲೆ ವಾಲಿಸಿದ್ದೀರಿ ಎಂದರ್ಥ. ಬೈಪಾಡನ್ನೂ ಸ್ವಲ್ಪ ಎತ್ತರಿಸಿ ನೋಡಿ: ತಲೆ ನೆಟ್ಟಗಾಗುತ್ತದೆ, ಹುಬ್ಬಿನ ಅಡಿಯಿಂದ ಮೇಲ್ಗಣ್ಣಾಗಿ ನೋಡುವುದು ತಪ್ಪುತ್ತದೆ.

ಎಫ್-ಕ್ಲಾಸಿನ ಒಂದು ವಿಭಾಗವಾದ ಎಫ್-ಓಪನ್‌ನಲ್ಲಿ ಕೆಲವರು ಕೆನ್ನೆಯನ್ನೇ ತಾಗಿಸದೆ, ಭಾರದ ಬಂದೂಕು ತನ್ನಷ್ಟಕ್ಕೆ ಹಿಂದೆ ಜಾರಲು ಬಿಟ್ಟು ಹೊಡೆಯುತ್ತಾರೆ. ನೋಡಲು ಸೊಗಸು. ಆದರೆ ಕಲಿಯುವ ಹಂತದಲ್ಲಿ ಅದನ್ನು ಅನುಕರಿಸಬೇಡಿ.

ನೆರಳಿದ್ದರೆ ಗುಂಡು ಎಲ್ಲಿಗೋ ಹೋಗುತ್ತದೆ ಎಂದು ಹೆದರಿಸುವವರೂ ಸಿಗುತ್ತಾರೆ. ಅದು ಪ್ಯಾರಲಾಕ್ಸ್ ವಿಷಯ, ಅಂದರೆ ಕಣ್ಣು ಸರಿದಾಗ ರೆಟಿಕಲ್ ಗುರಿಯ ಮೇಲೆ ಸರಿದಂತೆ ಕಾಣುವುದು. ಸ್ಕೋಪಿನ ಪ್ಯಾರಲಾಕ್ಸ್ ಗುಬ್ಬಿಯನ್ನು (ತಿರುಗಿಸುವ ನಾಬ್) ಗುರಿಯ ದೂರಕ್ಕೆ ಸರಿಯಾಗಿ ಹೊಂದಿಸಿದ್ದರೆ ಕಣ್ಣು ತುಸು ಸರಿದರೂ ರೆಟಿಕಲ್ ಗುರಿಯ ಮೇಲೇ ನಿಲ್ಲುತ್ತದೆ, ಚಿತ್ರ ಮಂಕಾಗುತ್ತದೆ ಅಷ್ಟೇ. ಹೊಂದಿಸಿಲ್ಲದಿದ್ದಾಗ ಆಗಬಹುದಾದ ಅತಿ ಹೆಚ್ಚಿನ ತಪ್ಪು ಸುಮಾರಾಗಿ ಇಷ್ಟು: ಮಸೂರದ ಅರ್ಧ ಅಗಲ, ಗುಣಿಸು ಎರಡು ದೂರಗಳ ವ್ಯತ್ಯಾಸ, ಭಾಗಿಸು ಗುಬ್ಬಿಯನ್ನು ಇಟ್ಟ ದೂರ. ಗುರಿ 1000 ಗಜದಲ್ಲಿದ್ದು ಗುಬ್ಬಿ 500ರಲ್ಲಿ ಉಳಿದುಹೋಗಿದ್ದರೂ 28 ಮಿಲಿಮೀಟರ್, ಒಂದು ಇಂಚಿಗಿಂತ ಸ್ವಲ್ಪ ಹೆಚ್ಚು. 5 ಇಂಚಿನ ಎಕ್ಸ್ ವೃತ್ತಕ್ಕೆ ಅದು ದೊಡ್ಡ ಅನಾಹುತವಲ್ಲ. ಅದೇ .22 ರೈಫಲಿಗೆ ಈ ಸ್ಕೋಪ್ ಹಾಕಿ, ಗುಬ್ಬಿ 100 ಮೀಟರಿನಲ್ಲಿದ್ದು ಗುರಿ 50ರಲ್ಲಿದ್ದರೆ 14 ಮಿಲಿಮೀಟರ್ ತಪ್ಪಬಹುದು. ಅಂತರರಾಷ್ಟ್ರೀಯ 50 ಮೀಟರ್ ಗುರಿಯ ಹತ್ತರ ವೃತ್ತದ ಪೂರ್ತಿ ಅಗಲವೇ 10.4 ಮಿಲಿಮೀಟರ್! ಹತ್ತಿರದ ಗುರಿಯಲ್ಲೇ ಹೆಚ್ಚು ಎಚ್ಚರ ಬೇಕು. 25 ಪಟ್ಟಿನಲ್ಲಿ ಕಣ್ಣು ಒಂದು ಮಿಲಿಮೀಟರ್ ಸರಿದರೆ ಮುಂದಿನ ಮಸೂರದ ಮೇಲೆ 25 ಮಿಲಿಮೀಟರ್ ಸರಿದಂತೆ ಎಂಬುದನ್ನೂ ನೆನಪಿಡಿ. ಗುಬ್ಬಿಯ ಮೇಲಿನ ಅಂಕಿಗಳನ್ನು ನಂಬಬೇಡಿ. ಬಂದೂಕನ್ನು ಚೀಲಗಳ ಮೇಲೆ ಅಲ್ಲಾಡದಂತೆ ಇಟ್ಟು, ಮುಟ್ಟದೆ, ತಲೆಯನ್ನು ಮೇಲೆ ಕೆಳಗೆ ಆಡಿಸುತ್ತಾ ರೆಟಿಕಲ್ ಗುರಿಯ ಮೇಲೆ ಈಜುವುದು ನಿಲ್ಲುವವರೆಗೆ ತಿರುಗಿಸಿ.

25 ಪಟ್ಟು ಇದೆಯೆಂದು ಯಾವಾಗಲೂ 25ರಲ್ಲೇ ಇರಬೇಕಿಲ್ಲ. 10ರಲ್ಲಿ ಗುರಿ ಹುಡುಕಿ, ಮೈ ನೆಲೆಗೊಂಡ ಮೇಲೆ ಏರಿಸಿ. ಇಲ್ಲಿ ಬಿಸಿಲೇರುತ್ತಿದ್ದಂತೆ ನೆಲದ ಬಿಸಿಗಾಳಿ ಚಿತ್ರವನ್ನು ಕುದಿಸಿಬಿಡುತ್ತದೆ, ಆಗ ನಾನು 18ಕ್ಕೋ 20ಕ್ಕೋ ಇಳಿಸುತ್ತೇನೆ. ಬೆಳಕಿನ ಬಿಲ್ಲೆಯೂ ಅಷ್ಟು ಅಗಲವಾಗಿ ಕಣ್ಣಿಗೆ ಆರಾಮ ಸಿಗುತ್ತದೆ.

ಕೊನೆಗೆ ನಿಮ್ಮ ಕನ್ನಡಕ. ದೂರದೃಷ್ಟಿ, ಸಮೀಪದೃಷ್ಟಿಯ ದೋಷವನ್ನು ಸ್ಕೋಪಿನ ಹಿಂದಿನ ಫೋಕಸ್ ಸ್ವಲ್ಪ ಮಟ್ಟಿಗೆ ತುಂಬಿಕೊಡಬಲ್ಲದು, ಅಸ್ಟಿಗ್ಮ್ಯಾಟಿಸಂ (ಕಣ್ಣಿನ ಬಾಗು ಎಲ್ಲ ದಿಕ್ಕಿಗೂ ಸಮನಿಲ್ಲದ ದೋಷ) ಅದರಿಂದ ಸರಿಹೋಗುವುದಿಲ್ಲ. ಆದ್ದರಿಂದ ಅದಿದ್ದವರು ಕನ್ನಡಕ ಹಾಕಿಕೊಂಡೇ ಹೊಡೆಯಬೇಕು, ಮೇಲಿನ ಪ್ರತಿ ಅಳತೆಯನ್ನೂ ಕನ್ನಡಕ ಹಾಕಿಕೊಂಡೇ ಮಾಡಬೇಕು. ಬೋರಲು ಮಲಗಿದಾಗ ನಾವು ನೋಡುವುದು ಗಾಜಿನ ಮಧ್ಯದಿಂದಲ್ಲ, ಮೂಗಿನ ಬದಿಯ ಮೇಲ್ಮೂಲೆಯಿಂದ. ಅಲ್ಲಿ ಚಿತ್ರ ಮಸುಕಾಗಿ ವಾಲುತ್ತದೆ, ಮೇಲಿಂದ ಕೆಳಗೆ ಪವರ್ ಬದಲಾಗುವ ಪ್ರೋಗ್ರೆಸಿವ್ ಗಾಜಾದರೆ ಇನ್ನೂ ಹೆಚ್ಚು. ಫ್ರೇಮನ್ನು ಮೂಗಿನ ಮೇಲೆ ಎತ್ತರಕ್ಕೆ ಸರಿಸಿ, ಜಾರದಂತೆ ಹಿಂದಿನಿಂದ ಪಟ್ಟಿ ಕಟ್ಟಿ ನೋಡಿ. ಆಟ ಮುಂದುವರಿಸುತ್ತೀರಾದರೆ ಗಾಜನ್ನು ಬೇಕಾದ ಕಡೆ ತಿರುಗಿಸಿ ಕೂರಿಸುವ ಶೂಟಿಂಗ್ ಫ್ರೇಮ್‌ಗಳಿವೆ, ಗುರಿ ಇಡುವ ಕಣ್ಣಿಗೆ ದೂರದ ಒಂದೇ ಪವರಿನ ಗಾಜು ಹಾಕಿಸಿ. ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಬೇಡಿ, ಅದರ ಗಾಜಿನ ಮೇಲೆ ಒಂದು ತುಂಡು ಮಂಕು ಟೇಪ್ ಅಂಟಿಸಿದರೆ ಎರಡೂ ಕಣ್ಣು ತೆರೆದೇ ನೋಡಬಹುದು.